ಹಿಂದಿನ ಟೈರಿನ ಮೇಲೆ ಎರಡು ಬೆರಳು

2024ರ ದಸರಾ ರಜೆಗೆ ಹಾಸನಕ್ಕೆ ಬಂದಿದ್ದೆ. ರಾತ್ರಿ ಊಟದ ಮಧ್ಯೆ ಅಪ್ಪ ಏನೋ ಸಣ್ಣ ವಿಷಯ ಅನ್ನುವ ಹಾಗೆ ಹೇಳಿದರು, "ಕಾರು ಕೊಟ್ಟುಬಿಡೋಣ ಅಂತಿದ್ದೀನಿ." ಯಾರೂ ಮಾತಾಡಲಿಲ್ಲ. ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದರು.

ನಮ್ಮದು 1999ರ ಮಾರುತಿ 800. ಬಿಳಿ. ಮೂರು ಸಿಲಿಂಡರ್, 796 ಸಿಸಿ, ನಾಲ್ಕೇ ಗೇರು, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯದಿದ್ದರೆ ಸ್ಟಾರ್ಟ್ ಆಗಲ್ಲ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದೇ ಅದರಲ್ಲಂತೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು, 2022ರ ಏಪ್ರಿಲ್‌ನಿಂದ ಅದರ ಫೀಸು 600 ರೂಪಾಯಿ ಇದ್ದದ್ದು 5,000 ಆಗಿತ್ತು, ಜೊತೆಗೆ ಹೊಸ ನಂಬರ್ ಪ್ಲೇಟ್ ಹಾಕಿಸುವ ಗಲಾಟೆ ಬೇರೆ. ಅಪ್ಪ ಹೇಳಿದ್ದರಲ್ಲಿ ಲೆಕ್ಕ ತಪ್ಪೇನೂ ಇರಲಿಲ್ಲ.

ನಾನು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ. ಕಾರಿನ ಹುಚ್ಚು ಮಾವನ ಗ್ಯಾರೇಜಿನಿಂದ ಅಂಟಿದ್ದು. ಸ್ಕೂಲ್ ಬಿಟ್ಟ ಮೇಲೆ ಅಮ್ಮ ಕೆಲಸ ಮುಗಿಸಿ ಬರುವ ತನಕ ಅಲ್ಲೇ ಕೂತಿರುತ್ತಿದ್ದೆ, ಕಾಪಿ ಪುಸ್ತಕಗಳ ಮೇಲೆಲ್ಲ ಗ್ರೀಸಿನ ಬೆರಳಚ್ಚು. ಡಿಸೈನ್ ಹುಚ್ಚು ಇತ್ತೀಚಿನದು. ಕಾಲೇಜ್ ಫೆಸ್ಟಿಗೆ ಪೋಸ್ಟರ್ ಮಾಡಲು ಯಾರೂ ಸಿಗದೆ ನನ್ನ ತಲೆಗೆ ಕಟ್ಟಿದರು, ಅಲ್ಲಿಂದ ಶುರು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಬಳಸುತ್ತೇನೆ, ಕಾರಣ ಅದು ಪುಕ್ಕಟೆ. ಲ್ಯಾಪ್‌ಟಾಪು 4 ಜಿಬಿಯದು. ಪೆನ್ ಟ್ಯಾಬ್ಲೆಟ್ ಇಲ್ಲ, ಮೌಸ್ ಒಂದೇ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಾರು ಹೋಗುವುದಾದರೆ ಹೋಗಲಿ, ಅದಕ್ಕೆ ಮುಂಚೆ ಎ3 ಸೈಜಿನಲ್ಲಿ ಒಂದು ಪೋಸ್ಟರ್ ಮಾಡಿಟ್ಟುಕೊಳ್ಳುತ್ತೇನೆ ಅಂತ ತೀರ್ಮಾನ ಮಾಡಿದೆ.

ಮೊದಲು ಶಾರ್ಟ್‌ಕಟ್ ಹಿಡಿದೆ. ಫೋಟೋ ಹಾಕಿ ಒಂದು ಬಟನ್ ಒತ್ತಿದರೆ ಸಾಫ್ಟ್‌ವೇರೇ ಅದನ್ನು ಗೆರೆಗಳಾಗಿ ಮಾಡಿಕೊಡುತ್ತದೆ, ಟ್ರೇಸ್ ಬಿಟ್‌ಮ್ಯಾಪ್ ಅಂತ. ಒತ್ತಿದೆ. ಬಂದದ್ದು ಕಾರಿನ ಆಕಾರದ ಹಪ್ಪಳ. ಸಾವಿರಾರು ನೋಡ್‌ಗಳು. ನೋಡ್ ಅಂದರೆ ಗೆರೆಯನ್ನು ಹಿಡಿದು ನಿಲ್ಲಿಸುವ ಗೂಟ ಅಂದುಕೊಳ್ಳಿ. ಮೇಲ್ಚಾವಣಿಯ ಒಂದೇ ಒಂದು ಗೆರೆಗೆ ನಾನೂರು ಗೂಟ ಹೊಡೆದಿತ್ತು, ನೆರಳಿಗೂ ಬಾಡಿಗೂ ವ್ಯತ್ಯಾಸ ಗೊತ್ತಾಗದೆ ಹಿಂದೆ ನಿಂತಿದ್ದ ತೆಂಗಿನಮರವನ್ನು ಕಿಟಕಿಗೆ ಸೇರಿಸಿತ್ತು.

ಸರಿ, ಪೆನ್ ಟೂಲ್ ಹಿಡಿದು ಕೈಯಲ್ಲೇ ಎಳೆಯಲು ಕೂತೆ. ಅಲ್ಲೂ ಅದೇ ತಪ್ಪು. ಗೆರೆ ಸ್ವಲ್ಪ ಆಚೀಚೆ ಹೋದರೆ ಇನ್ನೊಂದು ನೋಡ್ ಹಾಕುವುದು, ಅದನ್ನು ಸರಿ ಮಾಡಲು ಮತ್ತೊಂದು. ಜಾಸ್ತಿ ಹಾಕಿದಷ್ಟೂ ಗೆರೆ ನಡುಗುತ್ತದೆ. ಒಂದು ರಾತ್ರಿ ಸಿಟ್ಟು ಬಂದು ಚಾವಣಿಯ ನೋಡ್‌ಗಳನ್ನೆಲ್ಲ ಅಳಿಸಿ ಮೂರೇ ಮೂರು ಉಳಿಸಿದೆ. ವಿಂಡ್‌ಶೀಲ್ಡ್ ಮುಗಿಯುವಲ್ಲಿ ಒಂದು, ನಡುವೆ ಒಂದು, ಹಿಂದಿನ ಗಾಜು ಶುರುವಾಗುವಲ್ಲಿ ಒಂದು. ನೋಡ್‌ಗೆ ಅಂಟಿಕೊಂಡಿರುವ, ಗೆರೆಯನ್ನು ಬಗ್ಗಿಸುವ ಹ್ಯಾಂಡಲ್‌ಗಳನ್ನು ನಿಧಾನಕ್ಕೆ ಎಳೆದೆ. ಗೆರೆ ಪಟ್ಟಂತ ಬಂದು ಫೋಟೋದ ಮೇಲೆ ಕೂತುಬಿಟ್ಟಿತು. ಸ್ವಲ್ಪವೂ ಆಚೀಚೆ ಇಲ್ಲ.

ಇದು ಹೇಗೆ ಅಂತ ಯೋಚನೆ ಮಾಡುವಾಗ ತಲೆಗೆ ಹೊಡೆದ ಹಾಗಾಯಿತು. ಈ ಪೆನ್ ಟೂಲಿನ ಗೆರೆಯ ಹೆಸರು ಬೆಜಿಯೆ ಕರ್ವ್. ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ವಿಷಯದ ಪೇಪರಿನಲ್ಲಿ ಹತ್ತು ಮಾರ್ಕಿಗೆ ಉರು ಹೊಡೆದು ಬರೆದು ಮರೆತಿದ್ದೆ. ನಾಲ್ಕು ಬಿಂದು, ಎರಡು ತುದಿಗೆ, ಇನ್ನೆರಡು ಗೆರೆಯನ್ನು ತಮ್ಮ ಕಡೆಗೆ ಎಳೆಯಲು. ಪಿಯರ್ ಬೆಜಿಯೆ ರೆನೋ ಕಾರ್ ಕಂಪನಿಯ ಇಂಜಿನಿಯರ್. 1960ರ ದಶಕದಲ್ಲಿ ಕಾರಿನ ಬಾಡಿಯ ಉಬ್ಬುತಗ್ಗನ್ನು ಮೆಷಿನ್ನಿಗೆ ಅರ್ಥವಾಗುವ ಲೆಕ್ಕಕ್ಕೆ ತರಲು ಹೋಗಿ ಈ ಗೆರೆಯನ್ನು ಬಳಕೆಗೆ ತಂದವರು. ಅವರಿಗೂ ಮುಂಚೆ, 1959ರಲ್ಲೇ, ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೋ ಅನ್ನುವವರು ಇದನ್ನೇ ಮಾಡಿಟ್ಟಿದ್ದರು, ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು, ಹೆಸರು ಬೆಜಿಯೆಗೆ ಹೋಯಿತು. ಪಾಪ ಅನ್ನಿಸುತ್ತದೆ. ಅಂದರೆ ನಾನು ಹಾಸ್ಟೆಲ್ ರೂಮಿನಲ್ಲಿ ಕೂತು ಮೌಸ್ ಹಿಡಿದು ಒದ್ದಾಡುತ್ತಿದ್ದ ಆ ಗೆರೆ ಹುಟ್ಟಿದ್ದೇ ಕಾರು ಬರೆಯಲು! ಈಗ ಮದುವೆ ಕಾಗದದಿಂದ ಹಿಡಿದು ಅಕ್ಷರದ ಫಾಂಟ್‌ಗಳ ತನಕ ಎಲ್ಲದರಲ್ಲೂ ಅದೇ ಇದೆ. ಕ್ಲಾಸಿನಲ್ಲಿ ಈ ಒಂದು ಮಾತು ಹೇಳಿದ್ದರೆ ನಾನು ನಿದ್ದೆ ಮಾಡುತ್ತಿರಲಿಲ್ಲ.

ಆದರೂ ಕಾರು 800 ಥರ ಕಾಣುತ್ತಿರಲಿಲ್ಲ. ಮೂತಿ ದಪ್ಪ, ಹಿಂಭಾಗ ಬಡಕಲು. ರೂಮ್‌ಮೇಟ್ ಬಂದು ನೋಡಿ "ಆಲ್ಟೋನಾ?" ಅಂದಳು.

ತಪ್ಪು ನನ್ನ ಗೆರೆಯದಲ್ಲ, ಫೋಟೋದ್ದು. ಮುಂದಿನ ಬಾಗಿಲಿನ ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದಿದ್ದೆ, ಫೋನು ಸ್ವಲ್ಪ ಓರೆಯಾಗಿತ್ತು. ಮೊಬೈಲ್ ಲೆನ್ಸು ಅಗಲದ್ದು, ಹತ್ತಿರ ಇರುವುದನ್ನು ದೊಡ್ಡದು ಮಾಡಿ ದೂರದ್ದನ್ನು ಕುಗ್ಗಿಸುತ್ತದೆ. ಅಳೆದು ನೋಡಿದರೆ ಮುಂದಿನ ಚಕ್ರ ಹಿಂದಿನದಕ್ಕಿಂತ ಕಾಣುವ ಹಾಗೆ ದೊಡ್ಡದಿತ್ತು. ನನಗೆ ಒಂದು ಅಳತೆಗೋಲು ಬೇಕಾಗಿತ್ತು. ಅದು ಟೈರಿನ ಮೇಲೇ ಬರೆದಿತ್ತು, 145/70 ಆರ್ 12. ಟೈರಿನ ಅಗಲ 145 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ಅಂದರೆ 101.5. ಮೇಲೆ ಕೆಳಗೆ ಸೇರಿ 203. ರಿಮ್ಮು 12 ಇಂಚು, ಅದು 305 ಹತ್ತಿರ. ಒಟ್ಟು ಟೈರಿನ ಎತ್ತರ 508 ಮಿ.ಮೀ. 800ರ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ, 2,175 ಮಿ.ಮೀ. ಭಾಗಿಸಿದರೆ 4.28. ಹಾಗಾದರೆ ಎರಡು ಚಕ್ರದ ನಡುಬಿಂದುಗಳ ಮಧ್ಯೆ ನಾಲ್ಕೂಕಾಲು ಟೈರು ಕೂರಬೇಕು. ಯಾವ ಹಳೇ ಕಾರನ್ನು ಬರೆಯುವಾಗಲೂ ಈಗ ಮೊದಲು ಮಾಡುವ ಲೆಕ್ಕ ಇದೇ. ಟೈರಿನ ಸೈಜು, ವೀಲ್‌ಬೇಸ್ ಎರಡು ಗೊತ್ತಾದರೆ ಸಾಕು.

ದೀಪಾವಳಿಗೆ ಮುಂಚೆ ಒಂದು ಭಾನುವಾರ ಮತ್ತೆ ಊರಿಗೆ ಬಂದೆ. ನಮ್ಮ ಬಡಾವಣೆಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಬೆಳಿಗ್ಗೆ ಮೋಡ ಇತ್ತು, ಅದೇ ಬೇಕಾಗಿದ್ದು, ಬಿಸಿಲಿದ್ದರೆ ಬಿಳಿ ಬಾಡಿಯಲ್ಲಿ ಏನೂ ಕಾಣಲ್ಲ. ಕಾರಿನಿಂದ ಇಪ್ಪತ್ತೈದು ಹೆಜ್ಜೆ ಹಿಂದೆ ಹೋಗಿ, ಝೂಮ್ ಮಾಡಿ, ಫೋನನ್ನು ಚಕ್ರದ ಎತ್ತರಕ್ಕೆ ಹಿಡಿದು ನೆಲದಲ್ಲಿ ಕೂತು ತೆಗೆದೆ. ವಾಕಿಂಗ್ ಹೋಗುತ್ತಿದ್ದ ಅಂಕಲ್ ಒಬ್ಬರು ನಿಂತು, "ಮಾರ್ತಿದ್ದೀರೇನಮ್ಮಾ?" ಅಂತ ಕೇಳಿದರು. ಉತ್ತರ ಕೊಡಲಿಲ್ಲ. ಈ ಸಲ ಅಳೆದರೆ 4.26. ಸಾಕು.

ಇಲ್ಲಿ ಒಂದು ಕೆಲಸ ಮಾಡಿದೆ. ಅದರ ಕಥೆ ಆಮೇಲೆ ಬರುತ್ತದೆ. ಫೋಟೋದಲ್ಲಿ ಬಾಗಿಲ ಕೆಳಗಿನ ಗೆರೆ ಹಿಂದಕ್ಕೆ ಒಂದು ಚೂರು ವಾಲಿತ್ತು. ಫೋನು ಓರೆ ಹಿಡಿದಿರಬೇಕು ಅಂತ ಫೋಟೋವನ್ನೇ ಒಂದು ಡಿಗ್ರಿ ತಿರುಗಿಸಿ ಗೆರೆ ನೆಟ್ಟಗೆ ಮಾಡಿದೆ. ಆಗ ಎರಡು ಚಕ್ರದ ಎತ್ತರ ಸರಿಹೋಗಲಿಲ್ಲ. ಪರವಾಗಿಲ್ಲ, ಹೇಗೂ ಚಕ್ರ ಒಂದನ್ನೇ ಬರೆದು ಕಾಪಿ ಮಾಡುತ್ತೇವಲ್ಲ, ಮುಂದಿನದನ್ನು ಅದೇ ಎತ್ತರದಲ್ಲಿ ಹಿಂದಕ್ಕೆ ತಳ್ಳಿದೆ. ಲೆನ್ಸಿನ ಸುಳ್ಳು ತಿದ್ದಿದೆ ಅಂತ ಜಂಬ ಬೇರೆ.

ಆಮೇಲೆ ಬಣ್ಣ. ಬಿಳಿ ಕಾರಿಗೆ ಬಣ್ಣ ಹಾಕುವುದು ಎಷ್ಟು ಕಷ್ಟ ಅಂತ ಹಾಕಿ ನೋಡಿದವರಿಗೇ ಗೊತ್ತು. ಬಿಳಿ ಹಾಕಿದರೆ ಕಾಗದದಲ್ಲಿ ಕಾರಿನ ಆಕಾರದ ತೂತು ಕಾಣುತ್ತದೆ. ಬೂದಿ ಬಣ್ಣ ಹಾಕಿದರೆ ಸಿಲ್ವರ್ ಕಾರು ಆಗುತ್ತದೆ. ಎರಡು ದಿನ ಇದರಲ್ಲೇ ಹೋಯಿತು. ಕೊನೆಗೆ ಗ್ಯಾರೇಜಿಗೆ ಹೋಗಿ ಸುಮ್ನೆ ಕೂತೆ. ಅಲ್ಲಿ ಟಿಂಕರಿಂಗ್ ಮಾಡುವ ಭಾಯಿ ಒಂದು ಬಾಗಿಲಿನ ಡೆಂಟ್ ತೆಗೆಯುತ್ತಿದ್ದರು. ಎರಡೇಟು ಹೊಡೆಯುವುದು, ಕತ್ತು ಓರೆ ಮಾಡಿ ನೋಡುವುದು, ಮತ್ತೆ ಎರಡೇಟು. ಏನು ನೋಡ್ತೀರಿ ಅಂತ ಕೇಳಿದೆ. "ಟ್ಯೂಬ್‌ಲೈಟು ನೋಡಮ್ಮ" ಅಂದರು. ಬಾಗಿಲಿನ ಮೇಲೆ ಸೂರಿನ ಟ್ಯೂಬ್‌ಲೈಟು ಉದ್ದಕ್ಕೆ ಕಾಣುತ್ತಿತ್ತು. ಡೆಂಟ್ ಇದ್ದ ಜಾಗದಲ್ಲಿ ಆ ಬೆಳಕಿನ ಗೆರೆ ಹಾವಿನ ಥರ ಸೊಟ್ಟ. ಹೊಡೆದ ಮೇಲೆ ನೆಟ್ಟಗೆ. ಅವರು ತಗಡನ್ನು ನೋಡುತ್ತಲೇ ಇರಲಿಲ್ಲ, ತಗಡಿನ ಮೇಲೆ ಬಿದ್ದ ಬೆಳಕನ್ನು ನೋಡುತ್ತಿದ್ದರು. (ಕ್ಯಾಡ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಝೀಬ್ರಾ ಅನಾಲಿಸಿಸ್ ಅಂತಾರೆ. ಮಾಡೆಲ್ ಮೇಲೆ ಕಪ್ಪು ಬಿಳಿ ಪಟ್ಟೆ ಬೀಳಿಸಿ ಎಲ್ಲಿ ಮುರಿಯುತ್ತದೆ ಅಂತ ನೋಡುವುದು. ಭಾಯಿ ಕೈಲಿ ಅದು ಒಂದು ಟ್ಯೂಬ್‌ಲೈಟಿನಲ್ಲಿ ಮುಗಿಯುತ್ತದೆ.)

ಮನೆಗೆ ಬಂದು ನಮ್ಮ ಕಾರಿನ ಮುಂದೆ ಕೂತು ಅದೇ ಥರ ನೋಡಿದೆ. ನಮ್ಮ ಕಾರಿನಲ್ಲಿ ಬಿಳಿ ಅನ್ನುವುದು ಬಹಳ ಕಡಿಮೆ ಇದೆ. ಕಿಟಕಿ ಕೆಳಗಿನ ಭಾಗ ಆಕಾಶ ನೋಡುತ್ತದೆ, ಅಲ್ಲಿ ತಣ್ಣನೆ ನೀಲಿ ಬೂದಿ. ಬಾಗಿಲಿನ ನಡುವಿನ ಗೆರೆ ದಾಟಿದ ಕೂಡಲೇ ತಗಡು ಒಳಕ್ಕೆ ತಿರುಗಿ ನೆಲ ನೋಡುತ್ತದೆ, ಅಲ್ಲಿ ಮಣ್ಣಿನ ಕೆಂಪು ಚೂರು ಬೆರೆತ ಕೆನೆ ಬಣ್ಣ. ಚಕ್ರದ ಮೇಲಿನ ಅಂಚಿನಲ್ಲಿ ಮಾತ್ರ ಕಣ್ಣು ಕುಕ್ಕುವ ಬಿಳಿ, ಅದೂ ಕೂದಲಿನಷ್ಟು. ಆ ಕೂದಲೆಳೆ ಬಿಳಿಗೋಸ್ಕರ ಉಳಿದದ್ದನ್ನೆಲ್ಲ ಮಂಕು ಮಾಡಬೇಕು. ಬಾಡಿಗೆ ಐದೇ ಬಣ್ಣ ಇಟ್ಟುಕೊಂಡೆ. ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ಬೆರೆಯುವ ಗ್ರೇಡಿಯಂಟ್ ಕಮ್ಮಿ, ಗಟ್ಟಿ ಅಂಚು ಜಾಸ್ತಿ. 4 ಜಿಬಿ ಲ್ಯಾಪ್‌ಟಾಪಿಗೆ ಅದೇ ಒಳ್ಳೆಯದು, ಬ್ಲರ್ ಹಾಕಿದ ಕೂಡಲೇ ಅದು ಉಸಿರು ಬಿಡುತ್ತಿತ್ತು.

ಮೇಲೆ ದೊಡ್ಡದಾಗಿ ೮೦೦ ಅಂತ ಕನ್ನಡ ಅಂಕಿ. ಇದನ್ನು ಬರೆದ ಮೇಲೇ ಗೊತ್ತಾಗಿದ್ದು, ಆ ಎರಡು ಸೊನ್ನೆ ಎರಡು ಚಕ್ರದ ಹಾಗೇ ಕೂರುತ್ತದೆ! ಕೆಳಗೆ ಚಿಕ್ಕದಾಗಿ 'ಅಪ್ಪನ ಗಾಡಿ, ಹಾಸನ'. ಹುಬ್ಬಳ್ಳಿ ಅನ್ನುವ ಹೆಸರಿನದೇ ಒಂದು ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ, ಒಂದೇ ದಪ್ಪದ ಗೆರೆಯದು, ಅದನ್ನು ಹಾಕಿದೆ. ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತದೆ, ಆ ಖುಷಿಯಲ್ಲಿ ಮೈಮರೆತೆ. ಇನ್ನೂ ಕೆಳಗೆ 1983–2014 ಅಂತ ಹಾಕಿದೆ. 1983ರ ಡಿಸೆಂಬರ್ 14ಕ್ಕೆ ಮೊದಲ ಕಾರಿನ ಬೀಗದ ಕೈಯನ್ನು ಇಂದಿರಾ ಗಾಂಧಿ ಕೊಟ್ಟರು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಹುಟ್ಟು ಸಾವಿನ ತಾರೀಕು ಥರ ಕಂಡು ಆಮೇಲೆ ಅದನ್ನು ತೆಗೆದೆ. ನಮ್ಮದು ಇನ್ನೂ ಓಡುತ್ತಿದೆಯಲ್ಲ.

ಪ್ರಿಂಟ್ ಮಾಡಿಸಲು ಹೋದದ್ದು ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆದಿರುವ ವಾರ. ವರ್ಷಕ್ಕೊಮ್ಮೆ ಆ ಕೆಲವೇ ದಿನ ಊರಲ್ಲಿ ಕಾಲಿಡಲು ಜಾಗ ಇರಲ್ಲ. ಪ್ರಿಂಟ್ ಅಂಗಡಿಯವರಿಗೆ ಸ್ವಾಗತದ ಬ್ಯಾನರ್ ಕೆಲಸ ತಲೆಮೇಲೆ. ನನ್ನ ಪಿಡಿಎಫ್ ಅನ್ನು ನೇರ ಪ್ರಿಂಟಿಗೆ ಕೊಡದೆ ಕೋರೆಲ್‌ಡ್ರಾ ಅನ್ನುವ ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರು, ಯಾಕಂದ್ರೆ ಅವರು ಎಲ್ಲವನ್ನೂ ಅದರಲ್ಲೇ ತೆರೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಟೀ ಕುಡಿಯಲು ಹೋಗಿದ್ದೆ. ವಾಪಸ್ ಬಂದಾಗ ಬಿಸಿ ಬಿಸಿ ಪೋಸ್ಟರ್ ಕೈಗೆ ಬಂತು. 'ಅಪ್‌ಪನ ಗಾಡಿ'. ಒತ್ತು ಕಳಚಿ ಪಕ್ಕಕ್ಕೆ ಬಂದು ಕೂತಿತ್ತು. ಕಾರಿನ ಕೆಳಗೆ ಹಾಕಿದ್ದ ಮೆತ್ತನೆ ನೆರಳು ಒಂದು ಬೂದು ಡಬ್ಬಿಯಾಗಿತ್ತು, ಬ್ಲರ್ ಹಾಕಿದ್ದೆಲ್ಲ ಪಿಡಿಎಫ್ ಆಗುವಾಗ ಚಿತ್ರದ ತುಂಡಾಗುತ್ತದೆ, ಅದರ ಚೌಕ ಅಂಚು ಎದ್ದು ಕಾಣುತ್ತಿತ್ತು. ಹಿನ್ನೆಲೆಯಲ್ಲಿ ನಾನು ಹಾಕಿದ್ದ ಮಿಂಚುವ ನೀಲಿ ನೇರಳೆಯಾಗಿತ್ತು. ಪರದೆಯ ನೀಲಿ ಬೆಳಕಿನಿಂದ ಆದದ್ದು, ಕಾಗದದ್ದು ಶಾಯಿಯಿಂದ ಆದದ್ದು, ನಾಲ್ಕು ಶಾಯಿ ಬೆರೆಸಿದರೆ ಆ ನೀಲಿ ಹುಟ್ಟುವುದೇ ಇಲ್ಲ. ಇದೆಲ್ಲ ಓದಿದ್ದೆ. ಓದಿದ್ದಕ್ಕೂ 60 ರೂಪಾಯಿ ಕೊಟ್ಟು ಕೈಯಲ್ಲಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆ. ಅಂಗಡಿ ಹುಡುಗ ಮಾತ್ರ, "ಕಾರು ಸೂಪರ್ ಬಂದಿದೆ ಅಕ್ಕ" ಅಂದ.

ಅದನ್ನೇ ಸುತ್ತಿಕೊಂಡು ಮಾವನ ಗ್ಯಾರೇಜಿಗೆ ಹೋದೆ. ಮಾವ ಕೈ ಒರೆಸಿಕೊಂಡು ಪೋಸ್ಟರನ್ನು ಬೆಳಕಿಗೆ ಹಿಡಿದರು. ಒತ್ತಕ್ಷರ, ನೀಲಿ, ಡಬ್ಬಿ ನೆರಳು, ಯಾವುದೂ ಅವರ ಕಣ್ಣಿಗೆ ಬೀಳಲೇ ಇಲ್ಲ. ತುಂಬಾ ಹೊತ್ತು ನೋಡಿ, "ಚೆನ್ನಾಗಿದೆ ಪುಟ್ಟಿ. ಆದ್ರೆ ಇದು ನಮ್ಮ ಗಾಡಿ ಅಲ್ಲ" ಅಂದರು.

ನನಗೆ ಉರಿಯಿತು. ಬಾಗಿಲ ಹಿಡಿ, ವೈಪರ್, ಪೆಟ್ರೋಲ್ ಮುಚ್ಚಳದ ಹತ್ತಿರದ ಗೀರು ಸಮೇತ ಬರೆದಿದ್ದೇನೆ, ನಮ್ಮದಲ್ಲ ಅಂದರೆ?

"ಹಿಂದಿನ ಟೈರಿನ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೀಯಲ್ಲ. ನಮ್ಮ ಗಾಡೀಲಿ ಎರಡು ಬೆರಳು ಹೋದ್ರೆ ಹೆಚ್ಚು. ಸ್ಪ್ರಿಂಗ್ ಕೂತು ಎಷ್ಟು ವರ್ಷ ಆಯ್ತು. ನಿಮ್ಮಪ್ಪಂಗೆ ಹೇಳಿ ಹೇಳಿ ಸಾಕಾಯ್ತು. ಇದು ಶೋರೂಮಿಂದ ಈಗ ತಂದಂಗಿದೆ."

ಫೋನ್ ತೆಗೆದು ಮೂಲ ಫೋಟೋ ನೋಡಿದೆ. ತಿರುಗಿಸುವುದಕ್ಕೆ ಮುಂಚಿನದು. ನೆಲ ಮಟ್ಟವಾಗಿಯೇ ಇತ್ತು, ಚಕ್ರಗಳೂ ಮಟ್ಟವಾಗಿಯೇ ಇದ್ದವು. ವಾಲಿದ್ದು ಬಾಡಿ ಒಂದೇ. ಫೋನು ಓರೆಯಾಗಿರಲಿಲ್ಲ, ಕಾರೇ ಹಿಂದಕ್ಕೆ ಕೂತಿತ್ತು. ಆವತ್ತು ರಾತ್ರಿ ಲೆಕ್ಕ ಹಾಕಿದೆ. 2,175 ಮಿ.ಮೀ. ವೀಲ್‌ಬೇಸಿಗೆ ಒಂದು ಡಿಗ್ರಿ ಅಂದರೆ 38 ಮಿ.ಮೀ. ಸ್ಕೇಲ್ ಇಟ್ಟು ಅಳೆದರೆ ನನ್ನ ಎರಡು ಬೆರಳಿನ ಅಗಲ ಹೆಚ್ಚುಕಮ್ಮಿ ಅಷ್ಟೇ. ಮಾವ ಪೋಸ್ಟರ್ ನೋಡಿ ಬರೀ ಕಣ್ಣಲ್ಲಿ ಒಂದು ಡಿಗ್ರಿ ಹಿಡಿದಿದ್ದರು.

ಎರಡನೇ ಸುತ್ತಿಗೆ ಸೆಮಿಸ್ಟರ್ ಪರೀಕ್ಷೆ ಮುಗಿಯುವ ತನಕ ಕಾಯಬೇಕಾಯಿತು. ಕೆಲಸ ಜಾಸ್ತಿ ಇರಲಿಲ್ಲ, ಚಕ್ರ ಬಿಟ್ಟು ಬಾಡಿಯ ಎಲ್ಲ ಲೇಯರ್ ಆಯ್ಕೆ ಮಾಡಿ ಒಂದು ಡಿಗ್ರಿ ಹಿಂದಕ್ಕೆ ತಿರುಗಿಸಿದೆ. ಅಷ್ಟಕ್ಕೇ ಕಾರಿಗೆ ವಯಸ್ಸು ಬಂತು. ಹಿಂದಿನ ಸೀಟಿನಲ್ಲಿ ಅಜ್ಜಿ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಇರುವ ಹಾಗೆ. ನೀಲಿ ಬಿಟ್ಟು ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಕೆಂಪು ಹಾಕಿದೆ, ಅದು ಶಾಯಿಯಲ್ಲಿ ಚೆನ್ನಾಗಿ ಕೂರುತ್ತದೆ. ಹಿನ್ನೆಲೆ ಕೆಂಪಾದರೆ ಬಾಗಿಲ ಕೆಳಭಾಗದ ಪ್ರತಿಬಿಂಬವೂ ಕೆಂಪಾಗಬೇಕಲ್ವಾ, ಅದನ್ನು ಬದಲಾಯಿಸಲು ಒಂದು ಪೂರ್ತಿ ದಿನ. ನೆರಳಿಗೆ ಬ್ಲರ್ ಬಿಟ್ಟು ಎರಡು ಗಟ್ಟಿ ಬಣ್ಣ. ಅಕ್ಷರಗಳನ್ನೆಲ್ಲ ಪಾತ್ ಮಾಡಿದೆ, ಅಂದರೆ ಅವು ಅಕ್ಷರವಾಗಿ ಉಳಿಯದೆ ಬರೀ ಆಕಾರವಾಗುತ್ತವೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಕಳಚಲ್ಲ. ಅಕ್ಷರ ತಿದ್ದಬೇಕಾದರೆ ಬೇಕಲ್ಲ ಅಂತ ಮೊದಲಿನ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡೆ. ಸುತ್ತ 3 ಮಿ.ಮೀ. ಜಾಸ್ತಿ ಬಣ್ಣ ಬಿಟ್ಟೆ, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಎಳೆ ಉಳಿಯುತ್ತದೆ. ನಂಬರ್ ಪ್ಲೇಟಿನಲ್ಲಿ ಕೆಎ 13 ಅಷ್ಟೇ ಬರೆದು ಉಳಿದದ್ದಕ್ಕೆ ಕೆಸರು ಹಚ್ಚಿದೆ. ಪ್ಲೇಟು ಹಳೇ ಪೇಂಟಿನದೇ, ಹೊಸದು ನನಗೆ ಇಷ್ಟ ಇಲ್ಲ.

ಇದರ ಮಧ್ಯೆ ಹಾಸ್ಟೆಲಿನಲ್ಲಿ ಸುದ್ದಿ ಹರಡಿ, ಸೀನಿಯರ್ ಒಬ್ಬರು ಅವರ ತಾತನ ಪ್ರೀಮಿಯರ್ ಪದ್ಮಿನಿ ಬರೆದುಕೊಡು ಅಂದರು. 500 ರೂಪಾಯಿ. ಫೋಟೋ ಕಳಿಸಿದರು, ಹತ್ತಿರ ನಿಂತು ತೆಗೆದದ್ದು. ಇಪ್ಪತ್ತೈದು ಹೆಜ್ಜೆ ಹಿಂದೆ ಹೋಗಿ ಮತ್ತೆ ತೆಗೆಯಿರಿ, ಟೈರಿನ ಮೇಲಿನ ನಂಬರೂ ಕಳಿಸಿ ಅಂದೆ. ಇನ್ನೂ ಬಂದಿಲ್ಲ.

ಸಂಕ್ರಾಂತಿಗೆ ಪೋಸ್ಟರ್ ಹಿಡಿದುಕೊಂಡು ಊರಿಗೆ ಬಂದೆ. ಈ ಸಲ ಅಂಗಡಿಯಲ್ಲಿ ಕೊನೆಯ ತನಕ ನಿಂತೇ ಇದ್ದೆ, ಟೀ ಕುಡಿಯಲಿಲ್ಲ. ಬಣ್ಣ ಸರಿ, ಒತ್ತು ಸರಿ, ಹಿಂದೆ ಎರಡು ಬೆರಳು ಸರಿ. ಮನೆ ಗೇಟಿನ ಹತ್ತಿರ ಕಾರು ನಿಂತಿತ್ತು. ಏನೋ ಬೇರೆ ಥರ ಕಾಣುತ್ತಿತ್ತು, ಏನು ಅಂತ ತಕ್ಷಣ ಗೊತ್ತಾಗಲಿಲ್ಲ. ತೊಳೆದಿದ್ದಾರೇನೋ ಅಂದುಕೊಂಡೆ.

ಅಪ್ಪ ಹೊರಗೆ ಬಂದರು. "ಆರ್‌ಸಿ ರಿನ್ಯೂ ಮಾಡಿಸಿದೆ. ನಿಮ್ಮ ಮಾವ ಪೋಸ್ಟರ್ ನೋಡಿದಾಗಿಂದ ದಿನಾ ಫೋನ್ ಮಾಡಿ ತಲೆ ತಿಂದ. ಹೇಗೂ ಇಟ್ಕೋತೀಯ ಅಂದ್ಮೇಲೆ ಹಿಂದಿನ ಸ್ಪ್ರಿಂಗ್ ಹಾಕಿಸಿಬಿಡು ಅಂತ."

ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೈ ಇಟ್ಟು ನೋಡಿದೆ. ನಾಲ್ಕು ಬೆರಳು ಆರಾಮಾಗಿ ಹೋಯಿತು.

ಪುಣ್ಯಕ್ಕೆ ಮೊದಲನೇ ಫೈಲು ಅಳಿಸಿರಲಿಲ್ಲ.